ಕೊಪ್ಪರಿಗೆಯ ಮೇಲೆ ಸಣ್ಣದಾದ ಹೆಸರು

ರಾಣೆಬೆನ್ನೂರಿನ ಸುತ್ತಮುತ್ತ ಯಾರಾದರೂ ಒಂದು ಫ್ಯಾನು ದಾನ ಕೊಟ್ಟರೆ ಅದರ ಮೂರೂ ರೆಕ್ಕೆಗಳ ಮೇಲೆ ಅವರ ಹೆಸರಿರುತ್ತದೆ. ತಿರುಗುವಾಗ ಹೆಸರು ಕಾಣುವುದಿಲ್ಲವೆಂದು ಕೆಲವರು ಫ್ಯಾನನ್ನು ತಿರುಗಿಸಲು ಬಿಡುವುದಿಲ್ಲ. ಟ್ಯೂಬ್‌ಲೈಟಿನ ಮೇಲೆ ಬರೆಸಿದ ಹೆಸರು ಎಷ್ಟು ಉದ್ದವಿರುತ್ತದೆಂದರೆ ಬೆಳಕು ಹೊರಗೆ ಬರಲು ಜಾಗ ಹುಡುಕಬೇಕು. ಇದರಲ್ಲಿ ನಗುವಂಥದ್ದೇನೂ ಇಲ್ಲ. ಕೊಟ್ಟವರು ಯಾರೆಂದು ತಿಳಿಯದಿದ್ದರೆ ಕೊಟ್ಟದ್ದಾದರೂ ಯಾಕೆ ಎಂಬುದು ಇಲ್ಲಿಯವರ ನೇರವಾದ ಪ್ರಶ್ನೆ. ಆ ಪ್ರಶ್ನೆಯಿಂದಲೇ ಫಕ್ಕೀರೇಶ ಇಷ್ಟು ವರ್ಷ ಸಂಸಾರ ಸಾಗಿಸಿದ್ದಾನೆ.

ಫಕ್ಕೀರೇಶನ ಉದ್ಯೋಗ ಹೆಸರು ಹಾಕುವುದು. ಪೇಟೆಯ ಒಂದು ಭಾಂಡೆ ಅಂಗಡಿಯ ಕಟ್ಟೆಯ ಮೇಲೆ ಗೋಣಿತಟ್ಟು ಹಾಸಿಕೊಂಡು ಕೂರುತ್ತಾನೆ. ಅಂಗಡಿಯಲ್ಲಿ ಕೊಂಡ ಸ್ಟೀಲಿನ ಪಾತ್ರೆ ಅವನ ಮುಂದೆ ಬರುತ್ತದೆ, ಅವನು ಕರೆಂಟಿನ ಸಣ್ಣ ಮಶೀನಿನಿಂದ ಅದರ ಮೇಲೆ ಹೆಸರು ಕೊರೆಯುತ್ತಾನೆ. ಮದುವೆ, ಗೃಹಪ್ರವೇಶ, ತೀರಿಹೋದವರ ನೆನಪು ಯಾವುದೇ ಇರಲಿ, ಹೆಸರು, ಊರು, ತಾರೀಖು ಬೀಳಲೇಬೇಕು. ಬೆಂಚು, ಫ್ಯಾನುಗಳಿಗೆ ಕುಂಚ ಹಿಡಿದು ಹೋಗುವುದೂ ಉಂಟು. ಊಟದ ಪಂಕ್ತಿಯ ಆ ತುದಿಯಲ್ಲಿ ಕುಳಿತವನಿಗೂ ಈ ತುದಿಯ ಸಾರಿನ ಬಕೆಟ್ಟು ಯಾರದೆಂದು ಓದಲು ಬರಬೇಕು ಎಂಬುದು ಅವನ ನಿಯಮ. ಅಂಥ ಗುಂಡು ಅಕ್ಷರ ತಮ್ಮಲ್ಲಿ ಸಿಗುವುದಿಲ್ಲವೆಂದು ಹಾವೇರಿಯವರೂ ಬ್ಯಾಡಗಿಯವರೂ ರಾಣೆಬೆನ್ನೂರಿಗೇ ಬಂದು ಪಾತ್ರೆ ಕೊಳ್ಳುತ್ತಿದ್ದರು.

ಆ ಅಕ್ಷರ ಯಾವಾಗಲೋ ಸಣ್ಣದಾಗತೊಡಗಿತು. ಯಾವಾಗ ಎಂದು ಅವನಿಗೂ ತಿಳಿಯಲಿಲ್ಲ, ಯಾಕೆಂದರೆ ಸಣ್ಣದಾಗುವುದಕ್ಕೆ ಒಳ್ಳೊಳ್ಳೆಯ ಕಾರಣಗಳಿದ್ದವು. ಈಚೆಗೆ ಜನ ತಮ್ಮ ಹೆಸರಿನ ಜೊತೆ ಮಗ, ಸೊಸೆ, ಅಳಿಯ, ಮೊಮ್ಮಕ್ಕಳನ್ನೂ ಸೇರಿಸುತ್ತಿದ್ದರು, ಪಾತ್ರೆ ಮಾತ್ರ ಮೊದಲಿನಷ್ಟೇ ಇತ್ತು. ಕಣ್ಣಿನದೇ ದೋಷವಿರಬೇಕೆಂದು ಅವನು ಚಷ್ಮಾ ಬದಲಿಸಿದ. ಅಕ್ಷರ ಇನ್ನೂ ಸಣ್ಣದಾಯಿತು, ಹೊಸ ಚಷ್ಮಾದಲ್ಲಿ ಅದು ಸ್ಪಷ್ಟವಾಗಿ ಕಂಡಿತು. ಬಲಗೈ ಆಗಾಗ ನಡುಗುತ್ತಿತ್ತು. ಆದರೆ ಹಿಡಿದ ಮಶೀನೇ ಬೆಳಗಿನಿಂದ ಸಂಜೆಯವರೆಗೆ ಗುಂಯ್ ಎಂದು ನಡುಗುವಾಗ, ಇದರಲ್ಲಿ ಯಾವ ನಡುಕ ಯಾರದೆಂದು ವಿಚಾರಿಸುವ ಪುರಸೊತ್ತು ಯಾರಿಗಿದೆ?

ನಗುವುದೂ ಕಡಿಮೆಯಾಯಿತು. ಅವನಿಗೆ ಮನಸ್ಸಿನಲ್ಲಿ ನಗು ಬರುತ್ತಿತ್ತು, ಮುಖದವರೆಗೆ ತಲುಪುತ್ತಿರಲಿಲ್ಲ. ಹೆಂಡತಿ ಜಯವ್ವ, ಅಂತೂ ಈ ಮನುಷ್ಯನಿಗೆ ಗಾಂಭೀರ್ಯ ಬಂತು ಎಂದು ಸಮಾಧಾನಪಟ್ಟಳು. ಗಿರಾಕಿಗಳು ಸೊಕ್ಕು ಬಂದಿದೆ ಎಂದರು.

ಹೀಗಿರುವಾಗ ಬ್ಯಾಡಗಿಯ ಅಣ್ಣಾಜಿ ನಾಡಗೀರರ ತಾಯಿ ಸುಲಭಾಬಾಯಿ ತೀರಿಕೊಂಡರು. ಅಣ್ಣಾಜಿ ರಾಯರದು ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜು. ಊರಿನವರ ಮೆಣಸಿನಕಾಯಿಯನ್ನು ತಣ್ಣಗೆ ಇಡುವುದು ಅವರ ವ್ಯವಹಾರ, ಸ್ವತಃ ತಣ್ಣಗಿರುವುದು ಅವರ ಸ್ವಭಾವವಲ್ಲ. ಗಳಗನಾಥದಲ್ಲಿ ಹೊಳೆಸ್ನಾನಕ್ಕೆ ಬಂದವರಿಗೆ ಅನ್ನ ಹಾಕುವ ಒಂದು ಛತ್ರವಿದೆ. ಅಲ್ಲಿಗೆ ತಾಯಿಯ ಹೆಸರಿನಲ್ಲಿ ದೊಡ್ಡದೊಂದು ಕೊಪ್ಪರಿಗೆ ಕೊಡಬೇಕೆಂದು ರಾಯರು ನಿಶ್ಚಯಿಸಿದರು. ಅಲ್ಲಿ ಆಗಲೇ ಒಂದು ಕೊಪ್ಪರಿಗೆ ಇತ್ತು. ಅದನ್ನು ಬಹಳ ವರ್ಷಗಳ ಹಿಂದೆ ಕೊಟ್ಟವರು ರಾಣೆಬೆನ್ನೂರಿನ ಬೀಜದ ವ್ಯಾಪಾರಿ ಹಾಲೇಶಪ್ಪ. ಅದರ ಮೇಲೆ ಹೆಸರು ಹಾಕಿದವನು ಫಕ್ಕೀರೇಶನೇ. ಅಂಗೈ ಅಗಲದ ಅಕ್ಷರಗಳು.

ಫಕ್ಕೀರೇಶ ಹೆಸರು ಹಾಕಿಕೊಟ್ಟ ಹೊಸ ಕೊಪ್ಪರಿಗೆ ಗೋಣಿಚೀಲ ಹೊದ್ದುಕೊಂಡು, ಅವನ ಜೊತೆಗೇ ಟೆಂಪೋದಲ್ಲಿ ಗಳಗನಾಥಕ್ಕೆ ಹೋಯಿತು. ನೆಂಟರಿಷ್ಟರೆಲ್ಲ ಸೇರಿದ್ದರು. ಹೂವೇರಿಸಿ, ಅರಿಶಿನ ಕುಂಕುಮ ಹಚ್ಚಿ, ಚೀಲ ಸರಿಸಿದರು. ‘ದಿ. ಸುಲಭಾಬಾಯಿ’ ಎಂಬುದು ಹೆಬ್ಬೆರಳಿನಷ್ಟು ಇತ್ತು. ‘ಗೋವಿಂದರಾವ ನಾಡಗೀರ’ ಕಿರುಬೆರಳಿಗೆ ಇಳಿದಿತ್ತು. ‘ಇವರ ಸ್ಮರಣಾರ್ಥ’ ಎನ್ನುವ ಹೊತ್ತಿಗೆ ಅಕ್ಷರ ಜೋಳದ ಕಾಳಿನಷ್ಟಾಗಿ, ಓದಲು ಪೂಜಾರಿ ಬಗ್ಗಬೇಕಾಯಿತು. ಪಕ್ಕದಲ್ಲಿ ಹಾಲೇಶಪ್ಪನ ಕೊಪ್ಪರಿಗೆ ಬಾಗಿಲಿನಿಂದಲೇ ಓದಿಸಿಕೊಳ್ಳುತ್ತ ಕುಳಿತಿತ್ತು. ಅಣ್ಣಾಜಿ ರಾಯರು ಅದನ್ನು ನೋಡಿದರು, ಇದನ್ನು ನೋಡಿದರು, ಆಮೇಲೆ ಫಕ್ಕೀರೇಶನನ್ನು ನೋಡಿದರು.

“ಫಕ್ಕೀರಾ, ನಮ್ಮವ್ವನ ಹೆಸರು ಸಣ್ಣದು ಮಾಡಲಿಕ್ಕೆ ನಿನಗ ಯಾರು ರೊಕ್ಕ ಕೊಟ್ಟಾರ?”

“ಯಾರೂ ಕೊಟ್ಟಿಲ್ರಿ ರಾಯರ,” ಎಂದ ಫಕ್ಕೀರೇಶ.

ಅವನಿಗೆ ಕೈಮುಗಿದು ಅಳಬೇಕು, ಇಲ್ಲವೇ ಕೂಗಾಡಬೇಕು ಎನಿಸಿತು. ಮುಖ ಎರಡಕ್ಕೂ ಒಪ್ಪಲಿಲ್ಲ. “ನೋಡ್ರಿ, ಮಾರಿ ಮ್ಯಾಲಿನ ಒಂದು ಗೆರಿ ಸೈತ ಅಲ್ಲಾಡವಲ್ದು!” ಎಂದು ಯಾರೋ ಹಿಂದಿನಿಂದ ಅಂದರು. ಅಷ್ಟಕ್ಕೆ ಆರೋಪ ಸಾಬೀತಾಯಿತು.

ಸುದ್ದಿ ಮೂರೂ ಊರುಗಳಿಗೆ ಹೋಯಿತು. ರೊಕ್ಕ ಕೊಟ್ಟಿದ್ದು ಹೌದೇ ಎಂದು ಹಾಲೇಶಪ್ಪನನ್ನೂ ಕೇಳಿದರು. ಅವರು ಕೊಟ್ಟಿರಲಿಲ್ಲ. ಆದರೆ ಕೊಡಬಲ್ಲವರು ಎಂದು ಜನ ತಿಳಿದದ್ದು ಅಷ್ಟೇನೂ ಬೇಸರದ ಸಂಗತಿಯಾಗಿ ಕಾಣಲಿಲ್ಲವಾದ್ದರಿಂದ, ಬಹಳ ನಿಧಾನವಾಗಿ ಇಲ್ಲವೆಂದರು. ಭಾಂಡೆ ಅಂಗಡಿಯ ಗಿರಾಕಿಗಳು ಹೆಸರು ಹಾಕಿಸುವಾಗ ಪಕ್ಕದಲ್ಲೇ ನಿಂತು ಕಾವಲು ಕಾಯತೊಡಗಿದರು. ಕೆಲವರು ಪಾತ್ರೆ ಕೊಂಡು ಹೆಸರಿಗೆ ದಾವಣಗೆರೆಗೆ ಹೋದರು.

“ಜಯಾ, ರೊಕ್ಕ ತಿಂದಾನ ಅಂದ್ರಲ್ಲ ರಾಯರು,” ಎಂದ ಫಕ್ಕೀರೇಶ ಒಂದು ಬೆಳಿಗ್ಗೆ. “ಆ ಮಾತು ಅವರ ಬಾಯಿಂದನ ವಾಪಸ್ ಬರಬೇಕು. ಅಷ್ಟಾದ್ರ ನನಗ ಬ್ಯಾರೆ ಏನೂ ಬ್ಯಾಡ.”

“ಮಾತು ಆಮ್ಯಾಲೆ ತರೂಣಂತ. ಮೊದ್ಲ ಆ ಅಂಗಿ ಗುಂಡಿ ಹಾಕ್ಕೊಳ್ರಿ. ಆವಾಗಿಂದ ಒಂದ ಗುಂಡಿ ಹಿಡಕೊಂಡು ನಿಂತೀರಿ,” ಎಂದಳು ಜಯವ್ವ. ಹೇಳಿದ ಮೇಲೆ ಅವಳು ಆ ಬೆರಳುಗಳನ್ನೇ ನೋಡಿದಳು. ಅವಳೇ ಮುಂದೆ ಬಂದು ಗುಂಡಿ ಹಾಕಿ, ಅದೇ ವಾರ ಅವನನ್ನು ಹಾವೇರಿಗೆ ಕರೆದುಕೊಂಡು ಹೋದಳು.

ಹಾವೇರಿಯಲ್ಲಿ ಪ್ರತಿ ಶನಿವಾರ ಹರಿಪ್ರಿಯಾ ಎಂಬ ನರರೋಗದ ಡಾಕ್ಟರು ಕೂರುತ್ತಿದ್ದರು. ಹಾವೇರಿಯದೇ ಹೆಣ್ಣುಮಗಳು. ಉಳಿದ ದಿನ ಹುಬ್ಬಳ್ಳಿಯಲ್ಲಿ ಸಂಶೋಧನೆ. ಅವರು ಫಕ್ಕೀರೇಶನಿಗೆ ಬೆರಳು ಬಡಿಯಲು ಹೇಳಿದರು, ಪಡಸಾಲೆಯಲ್ಲಿ ಆ ಕಡೆ ಈ ಕಡೆ ನಡೆಸಿದರು. ನಡೆಯುವಾಗ ಅವನ ಎಡಗೈ ಬೀಸುತ್ತಿತ್ತು, ಬಲಗೈ ತೊಡೆಗೆ ಅಂಟಿಕೊಂಡೇ ಇತ್ತು. ಕೊನೆಗೆ ಒಂದು ಹಾಳೆ ಕೊಟ್ಟರು.

“ಏನರೆ ಒಂದು ಸಾಲು ಬರೀರಿ ಕಾಕಾ.”

ಫಕ್ಕೀರೇಶನ ಕೈಗೆ ರೂಢಿಯಿದ್ದದ್ದು ಒಂದೇ ಬಗೆಯ ಸಾಲು. ‘ಡಾ. ಹರಿಪ್ರಿಯಾ, ಹಾವೇರಿ ಇವರಿಂದ ಕಾಣಿಕೆ’ ಎಂದು ಬರೆದ. ‘ಕಾಣಿಕೆ’ ಹಾಳೆಯ ತುದಿಯಲ್ಲಿ ಇರುವೆಯಷ್ಟಾಗಿತ್ತು. ಡಾಕ್ಟರು ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು.

“ಕಾಕಾ, ಇದಕ್ಕ ಪಾರ್ಕಿನ್ಸನ್ ರೋಗ ಅಂತಾರ. ಮಿದುಳಿನಾಗ ಕೆಲವು ಕಣಾ ಸೊರಗ್ತಾವ. ಕೈಗೆ, ಮಾರಿಗೆ ಹೋಗೋ ಹುಕುಮು ಅರ್ಧಾ ದಾರ್ಯಾಗ ಸಣ್ಣದಾಗ್ತದ. ಕೈ ನಡುಗೂಕಿಂತ ಮೊದಲ ಕೆಲವರಿಗೆ ಅಕ್ಷರ ಸಣ್ಣದಾಗ್ತದ. ಪೂರ್ತಿ ಗುಣಾ ಮಾಡೋ ಔಷಧ ಇನ್ನೂ ಇಲ್ಲ. ಗುಳಿಗಿ ಅದಾವ, ಕೈ ಹಗುರ ಆಗ್ತದ.”

“ಅಂದ್ರ ಇದು ರೋಗ ಏನ್ರಿ?”

“ಹೌದು ಕಾಕಾ.”

“ಖರೇನ?”

“ಖರೇ.”

“ರೊಕ್ಕ ತಿಂದ್ರ ಅಕ್ಷರ ಹಿಂಗ ಆಗೂದಿಲ್ಲಲ್ರಿ?”

ಇಂಥ ಸುದ್ದಿ ಹೇಳಿದ ಮೇಲೆ ಜನ ಏನೇನು ಕೇಳುತ್ತಾರೆಂದು ಹರಿಪ್ರಿಯಾಗೆ ಗೊತ್ತಿತ್ತು. ಈ ಪ್ರಶ್ನೆಗೆ ಮಾತ್ರ ಅವರು ತಯಾರಿರಲಿಲ್ಲ. ಆಗುವುದಿಲ್ಲ ಎಂದರು. “ಹಂಗಾದ್ರ ಅದನ್ನ ಒಂದು ಹಾಳಿ ಮ್ಯಾಲೆ ಬರದು, ಶಿಕ್ಕಾ ಹೊಡದು ಕೊಡ್ರಿ,” ಎಂದ ಫಕ್ಕೀರೇಶ.

ಬಸ್‌ಸ್ಟ್ಯಾಂಡಿನ ಬಳಿ ಅವನು ಹೆಂಡತಿಗೆ ಗಿರ್ಮಿಟ್ಟು, ಮಿರ್ಚಿ ಭಜಿ ಕೊಡಿಸಿದ. ಅಷ್ಟು ಸಂತೋಷವಾಗಿತ್ತು. ಜಯವ್ವ ಪೊಟ್ಟಣ ಹಿಡಿದುಕೊಂಡು ಅಳುತ್ತಿದ್ದಳು. ಯಾಕೆ ಅಳುತ್ತೀ, ರೋಗ ಎಂದು ಬರೆದು ಕೊಟ್ಟಿದ್ದಾರಲ್ಲ ಎಂದು ಅವನು ಸಮಾಧಾನ ಹೇಳಿದ. “ನಿಮಗ ತಿಳಿವಲ್ದು,” ಎಂದು ಅವಳು ಸೆರಗಿನಿಂದ ಮೂಗೊರೆಸಿಕೊಂಡಳು.

ಚೀಟಿ ತೆಗೆದುಕೊಂಡು ಅವನು ನೆಟ್ಟಗೆ ಬ್ಯಾಡಗಿಗೆ ಹೋದ. ಅಣ್ಣಾಜಿ ರಾಯರು ಅದನ್ನು ತಿರುಗಿಸಿ ಹಿಂದೆ ಮುಂದೆ ನೋಡಿದರು. “ರೊಕ್ಕ ಕೊಟ್ರ ಇಂಥಾ ಚೀಟಿ ಯಾರರೆ ಬರದು ಕೊಡ್ತಾರ,” ಎಂದು ಮರಳಿ ಕೊಟ್ಟರು. ಈಗ ಅವನು ರೊಕ್ಕ ತಿಂದದ್ದಲ್ಲದೆ, ತಿನ್ನಿಸಿದವನೂ ಆದ.

ಮುಂದಿನ ಭೇಟಿಯಲ್ಲಿ ಡಾಕ್ಟರು ಇದು ಯಾವಾಗಿನಿಂದ ಶುರುವಾಗಿರಬಹುದೆಂದು ಕೇಳಿದರು. ಹೋದ ದೀಪಾವಳಿಯಿಂದ ಇರಬೇಕು ಎಂದ ಫಕ್ಕೀರೇಶ. ಆಗ ಜಯವ್ವ ಬುತ್ತಿ ಬಿಚ್ಚುತ್ತಿದ್ದಳು. ರೊಟ್ಟಿ ಡಬ್ಬಿಯ ಮೇಲೆ ಅವಳ ತಂಗಿಯ ಗೃಹಪ್ರವೇಶದ ಹೆಸರು, ತಾರೀಖು ಇತ್ತು. ಹರಿಪ್ರಿಯಾ ಡಬ್ಬಿಯನ್ನು ಕೈಗೆ ತೆಗೆದುಕೊಂಡರು. ಆಮೇಲೆ ಪಲ್ಯದ ಡಬ್ಬಿಯನ್ನು ತೆಗೆದುಕೊಂಡರು. “ಅಕ್ಕಾರ, ಇಂಥಾವು ನಿಮ್ಮ ಮನ್ಯಾಗ ಇನ್ನೂ ಅದಾವೇನ್ರಿ?” ಎಂದು ಕೇಳಿದರು. ಹೆಸರು ಹಾಕುವವನ ಮನೆಯಲ್ಲಿ ಪಾತ್ರೆಗೆ ಹೆಸರಿಲ್ಲದೆ ಇರುತ್ತದೆಯೇ ಎಂದಳು ಜಯವ್ವ.

ರೋಗ ಬರುವುದಕ್ಕೆ ಮುಂಚಿನ ಕೈಬರಹ ಬೇಕೆಂದು ಹರಿಪ್ರಿಯಾ ಎಷ್ಟೋ ರೋಗಿಗಳನ್ನು ಬೇಡಿಕೊಂಡಿದ್ದರು. ಯಾರೂ ಇಟ್ಟಿರುವುದಿಲ್ಲ. ಇಲ್ಲಿ ಒಬ್ಬ ಮನುಷ್ಯನ ಬರಹ ಮೂರು ತಾಲೂಕಿನ ಅಡುಗೆಮನೆಗಳಲ್ಲಿ, ತಾರೀಖಿನ ಸಮೇತ, ಸ್ಟೀಲಿನ ಮೇಲೆ ತೊಳೆಸಿಕೊಂಡು ಕುಳಿತಿತ್ತು. ರಜೆ ಹಾಕಿ ಬಂದು ಮನೆಮನೆಗೆ ಹೋಗಿ ಅವರು ಕೊಡ, ಪರಾತ, ಹಾಲಿನ ಗಿಂಡಿಗಳ ಫೋಟೋ ತೆಗೆದರು. ಜಯವ್ವ ಜೊತೆಗೆ ಹೋಗಿ, ಇವರು ಸಾಲದ ವಸೂಲಿಯವರಲ್ಲ ಎಂದು ಹೇಳುತ್ತಿದ್ದಳು. ಫೋಟೋಗಳನ್ನು ತಾರೀಖಿನ ಪ್ರಕಾರ ಜೋಡಿಸಿದಾಗ, ಕೊಪ್ಪರಿಗೆಗೂ ಆರೇಳು ವರ್ಷ ಮುಂಚೆಯೇ ಅಕ್ಷರ ಇಳಿಯತೊಡಗಿದ್ದು ಕಂಡಿತು. ಅಷ್ಟು ಮೊದಲೇ ಯಾರಾದರೂ ನೋಡಿದ್ದರೆ ಎಂದು ಹರಿಪ್ರಿಯಾ ಮಾತನ್ನು ಅರ್ಧಕ್ಕೇ ನಿಲ್ಲಿಸಿದರು.

ಅಣ್ಣಾಜಿ ರಾಯರ ಮನೆಯಲ್ಲೂ ಪಾತ್ರೆಗಳಿದ್ದವು. ಅವರ ಮಗಳ ಮದುವೆಯಲ್ಲಿ ಉಡುಗೊರೆ ಕೊಡಲೆಂದು ಮಾಡಿಸಿ ಮಿಕ್ಕಿದ್ದವು. ಕೊಪ್ಪರಿಗೆಗೆ ಬಹಳ ಮುಂಚಿನವು. ಅವುಗಳ ಮೇಲೂ ಸಾಲು ತುದಿಗೆ ಬರುವಾಗ ಸಣ್ಣಗಾಗಿತ್ತು. ಮಗಳ ಹೆಸರನ್ನು ಸಣ್ಣದು ಮಾಡಿಸಲು ಯಾರಿಗೂ ಕಾರಣವಿರಲಿಲ್ಲ. ರಾಯರು ಒಂದು ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಮಾರನೆಯ ದಿನ ಫಕ್ಕೀರೇಶನ ಮನೆಗೆ ಒಂದು ಚೀಲ ಒಳ್ಳೆಯ ಮೆಣಸಿನಕಾಯಿ ಬಂತು. ಮಾತು ಬರಲಿಲ್ಲ. ಜಯವ್ವ ಖಾರ ಕುಟ್ಟಿಸಿದಳು.

ಹರಿಪ್ರಿಯಾ ಈಗ ದೊಡ್ಡದೊಂದು ಕೆಲಸ ಹಚ್ಚಿಕೊಂಡರು. ಮೂರೂ ಊರುಗಳಲ್ಲಿ ಐವತ್ತು ದಾಟಿದ, ಗಟ್ಟಿಮುಟ್ಟಾಗಿರುವ ಜನರಿಂದ ಒಂದು ಸಾಲನ್ನು ಸ್ಲೇಟಿನಂಥ ಕಂಪ್ಯೂಟರ್ ಪಾಟಿಯ ಮೇಲೆ ಬರೆಸುವುದು. ಮುಂದಿನ ವರ್ಷ ಮತ್ತೆ ಬರೆಸುವುದು. ಯಾರ ಸಾಲು ಕುಗ್ಗುತ್ತಿದೆಯೋ ಅವರನ್ನು ಬೇಗ ಪರೀಕ್ಷೆ ಮಾಡುವುದು. ರೋಗವನ್ನು ಬೇಗ ಹಿಡಿದರೆ ಅದನ್ನು ತಡೆಯುವ ಔಷಧ ಹುಡುಕುವವರಿಗೂ ದಾರಿಯಾಗುತ್ತದೆ. ಸರಕಾರಕ್ಕೆ ಬರೆದ ಅರ್ಜಿ ಸರಕಾರದ ಕಡೆಗೆ ಹೋಗಿತ್ತು. ಅದಕ್ಕೆ ಉತ್ತರ ಬರುವವರೆಗೆ ಖರ್ಚಿಗೆ ಊರವರನ್ನೇ ಕೇಳೋಣವೆಂದು ಅವರು ಅಣ್ಣಾಜಿ ರಾಯರ ಆಫೀಸಿನಲ್ಲಿ ವ್ಯಾಪಾರಿಗಳ ಸಭೆ ಕರೆದರು. ಫಕ್ಕೀರೇಶ ಬಾಗಿಲ ಬಳಿ ಕುಳಿತ.

ಎಲ್ಲರೂ ಗೌರವದಿಂದ ಕೇಳಿದರು, ಚಹಾ ಕುಡಿದರು. ಕೊನೆಗೆ ಹಾಲೇಶಪ್ಪ ಎಲ್ಲರ ಪರವಾಗಿ ಕೇಳಿದರು: “ಅದೆಲ್ಲಾ ಖರೇ ಅಕ್ಕಾರ. ಹೆಸರು ಎಲ್ಲಿ ಬರತೈತಿ?”

“ಸಂಶೋಧನೆ ಅಚ್ಚಾದಾಗ ಕೊನೀಗೆ ದಾನಿಗಳ ಹೆಸರು ಹಾಕ್ತಾರ್ರಿ. ಸಣ್ಣ ಅಕ್ಷರದಾಗ.”

ಸಣ್ಣ ಅಕ್ಷರ ಎಂದ ಕೂಡಲೇ ಸಭೆ ಒಟ್ಟಾಗಿ ಫಕ್ಕೀರೇಶನ ಕಡೆ ನೋಡಿತು.

“ಎಷ್ಟು ಮಂದಿ ಓದ್ತಾರ್ರಿ?”

“ಜಗತ್ತಿನಾಗ ಒಂದು ಐವತ್ತು ಮಂದಿ ಓದಬಹುದು,” ಎಂದರು ಹರಿಪ್ರಿಯಾ. ಸುಳ್ಳು ಹೇಳಲು ಅವರಿಗೆ ಬರುತ್ತಿರಲಿಲ್ಲ.

“ಬಸ್‌ಸ್ಟ್ಯಾಂಡಿನಾಗ ನಮ್ಮ ಬೆಂಚಿನ ಮ್ಯಾಲೆ ಅಷ್ಟು ಮಂದಿ ಮುಂಜಾನೆ ಮುಂಜಾನೆನ ಕುಂದರ್ತಾರ,” ಎಂದರು ಹಾಲೇಶಪ್ಪ. ತಪ್ಪು ಹುಡುಕುವ ದನಿಯಲ್ಲ, ಇದ್ದದ್ದನ್ನು ಹೇಳಿದರು.

ಹರಿಪ್ರಿಯಾ ಸೋತಂತಾಗಿ ಕಾಗದಗಳನ್ನು ಮಡಚತೊಡಗಿದರು. ಮಡಚುತ್ತಲೇ, ಇನ್ನೂ ಯಾವ ಸಾಲು ಬರೆಸಬೇಕೆಂದೂ ಗೊತ್ತು ಮಾಡಿಲ್ಲ, ಉದ್ದ ಇರಬೇಕು, ಗುಂಡು ಅಕ್ಷರ ಇರಬೇಕು, ಒಮ್ಮೆ ಆರಿಸಿದರೆ ಬದಲಿಸುವಂತಿಲ್ಲ ಎಂದರು. ಅಣ್ಣಾಜಿ ರಾಯರು ಚಹಾದ ಲೋಟವನ್ನು ಕೆಳಗಿಟ್ಟರು.

“ಎಲ್ಲಾರೂ ಒಂದ ಸಾಲು ಬರೀಬೇಕಂದ್ರಿ?”

“ಹೌದ್ರಿ.”

“ಎಷ್ಟು ಮಂದಿ?”

“ಸಾವಿರಾರು ಮಂದಿ.”

“ತಮ್ಮ ಸ್ವಂತ ಕೈಯಿಂದ?”

“ಸ್ವಂತ ಕೈಯಿಂದನ. ವರ್ಷಾ ವರ್ಷಾ.”

ದೇವಸ್ಥಾನದ ಹೊಸ ಬಾಗಿಲನ್ನು ಅಳೆಯುವ ದಾನಿಗಳ ಕಣ್ಣು ಹೇಗಿರುತ್ತದೆಂದು ಫಕ್ಕೀರೇಶನಿಗೆ ಚೆನ್ನಾಗಿ ಗೊತ್ತು. ರಾಯರ ಕಣ್ಣು ಹಾಗಾಗಿತ್ತು. ಹರಿಪ್ರಿಯಾ ಕೂಡ ಇದೇ ಸೀಮೆಯವರು. ಅವರು ಮಡಚಿದ ಕಾಗದವನ್ನು ಬಿಚ್ಚಿ, “ದಿ. ಸುಲಭಾಬಾಯಿ ಗೋವಿಂದರಾವ ನಾಡಗೀರ ಇವರ ಸ್ಮರಣಾರ್ಥ” ಎಂದು ಬರೆದು, ಪೆನ್ನಿನ ತುದಿಯಿಂದ ಅಕ್ಷರಗಳ ಗುಂಡನ್ನು ಪರೀಕ್ಷಿಸಿ, “ಸಾಲು ಛೊಲೋ ಅದ,” ಎಂದರು. ಐದು ವರ್ಷದ ಖರ್ಚು ತಮ್ಮದೆಂದು ರಾಯರು ಅಲ್ಲಿಯೇ ಒಪ್ಪಿಕೊಂಡರು. ಹಾಲೇಶಪ್ಪ ತಮ್ಮ ತಂದೆಯ ಹೆಸರಿಗೆ ಅದಕ್ಕಿಂತ ಹೆಚ್ಚು ಕೊಡುವೆನೆಂದರು. ಸಾಲು ಒಂದೇ ಎಂದು ತಿಳಿದ ಮೇಲೆ, ಬರೆಯಲು ಬಂದವರು ಕೂರಲಿಕ್ಕೆ ಕುರ್ಚಿ ಕೊಟ್ಟರು. ಪ್ರತಿಯೊಂದರ ಬೆನ್ನಿಗೂ ಅವರದೇ ಹೆಸರು. ಹುಬ್ಬಳ್ಳಿಯಲ್ಲಿ ಸಂಶೋಧನೆಗೆ ಒಪ್ಪಿಗೆ ಕೊಡುವ ಸಮಿತಿಯವರು ಸಾಲನ್ನು ಓದಿ ಇವರು ಯಾರೆಂದು ಕೇಳಿದರು, ಅಕ್ಷರದ ಬಗ್ಗೆ ತಕರಾರು ಮಾಡಲಿಲ್ಲ.

ಒಂದೇ ಅಡಚಣೆಯಾಯಿತು. ರಾಯರ ಚೆಕ್ಕನ್ನು ಬ್ಯಾಂಕಿನವರು ಸಹಿ ಹೊಂದುವುದಿಲ್ಲವೆಂದು ಮರಳಿಸಿದರು. ಇಷ್ಟು ವರ್ಷದ ಗಿರಾಕಿಯ ಸಹಿ ಗುರುತು ಹತ್ತದಿದ್ದರೆ ಚಷ್ಮಾ ಬದಲಿಸಿರಿ ಎಂದು ರಾಯರು ಮ್ಯಾನೇಜರನಿಗೆ ಫೋನಿನಲ್ಲಿ ಬೈದು, ಇನ್ನೊಂದು ಚೆಕ್ಕಿಗೆ ಬಹಳ ಹೊತ್ತು ಕುಳಿತು ದೊಡ್ಡದಾಗಿ ಸಹಿ ಮಾಡಿದರು.

ಗುಳಿಗೆಯಿಂದ ಫಕ್ಕೀರೇಶನ ಕೈ ಸ್ವಲ್ಪ ಹಗುರವಾಗಿತ್ತು. ಬಂದವರನ್ನು ಕೂರಿಸಿ, ಪಾಟಿಯ ಪೆನ್ನು ಹಿಡಿಯುವುದನ್ನು ತೋರಿಸಲು ಹರಿಪ್ರಿಯಾ ಅವನನ್ನೇ ಇಟ್ಟುಕೊಂಡರು. ಮೊದಲ ದಿನ ರಾಣೆಬೆನ್ನೂರಿನಲ್ಲಿ, ಸ್ಟೇಷನ್ನಿನ ಹತ್ತಿರದ ಒಂದು ಸಭಾಭವನದಲ್ಲಿ. ತಾಯಿಯ ಹೆಸರನ್ನು ಮೊಟ್ಟಮೊದಲು ಬರೆಯುವವನು ತಾನೇ ಎಂದು ಅಣ್ಣಾಜಿ ರಾಯರು ಇಸ್ತ್ರಿ ಅಂಗಿ ಹಾಕಿಕೊಂಡು ಬೆಳಿಗ್ಗೆಯೇ ಬಂದರು. ಒಂದು ಕೈ ಬೀಸುತ್ತ, ಇನ್ನೊಂದನ್ನು ತೊಡೆಗೆ ಹಚ್ಚಿಕೊಂಡು ಅವರು ಬಾಗಿಲಿನಿಂದ ನಡೆದು ಬರುವುದನ್ನು ಫಕ್ಕೀರೇಶ ನೋಡಿದ. ದಾನಿಗಳ ಗತ್ತು ಇರಬೇಕೆಂದುಕೊಂಡ.

ಹರಿಪ್ರಿಯಾ ಆ ತುದಿಯಲ್ಲಿ ಹೆಸರು ಕರೆಯುವ ಕೆಲಸದಲ್ಲಿದ್ದರು. ರಾಯರು ಮೇಜಿನ ಮುಂದೆ ನಿಂತೇ ಬರೆಯತೊಡಗಿದರು. ಫಕ್ಕೀರೇಶ ಪಕ್ಕದಲ್ಲಿದ್ದ. ‘ದಿ. ಸುಲಭಾಬಾಯಿ’ ದೊಡ್ಡದಾಗಿಯೇ ಬಂತು. ‘ಗೋವಿಂದರಾವ’ ಒಂದಿಷ್ಟು ಇಳಿಯಿತು. ‘ನಾಡಗೀರ’ ಎನ್ನುವಾಗ ಸಾಲು ಮೇಲಕ್ಕೆ ಏರುತ್ತ ಒತ್ತಿಕೊಂಡಿತು. ಆಮೇಲಿನದನ್ನು ಫಕ್ಕೀರೇಶ ನೋಡಲೇಬೇಕಾಗಿರಲಿಲ್ಲ. ‘ಸ್ಮರಣಾರ್ಥ’ ಜೋಳದ ಕಾಳಿನಷ್ಟಾಗಿತ್ತು.

ಅವನಿಗೆ ಭಯವಾಯಿತು. ತನ್ನ ರೋಗದ ಹೆಸರು ಕೇಳಿದಾಗಲೂ ಆಗದಿದ್ದ ಭಯ ಅದು. ಪಾಟಿಯ ಮೂಲೆಯಲ್ಲಿ ಅಳಿಸುವ ಗುಂಡಿ ಇತ್ತು. ಒತ್ತಿಬಿಟ್ಟು, ಪಾಟಿ ಕೆಟ್ಟಿದೆ, ನಾಳೆ ಬರ್ರಿ ಎಂದು ಹೇಳಲೇ ಎನಿಸಿ ಬೆರಳು ಅಲ್ಲಿಯವರೆಗೆ ಹೋಯಿತು.

ರಾಯರು ತಾವು ಬರೆದದ್ದನ್ನೇ ನೋಡುತ್ತಿದ್ದರು. ಮೊದಲಿನಿಂದ ಕೊನೆಯವರೆಗೆ ಓದಿದರು, ಕೊನೆಯ ಶಬ್ದಕ್ಕೆ ಬಗ್ಗಿದರು. ಬೇರೆ ಯಾರಿಗೂ ಕೇಳಿಸದ ಹಾಗೆ ಅಂದರು:

“ಫಕ್ಕೀರಾ, ನಮ್ಮವ್ವನ ಹೆಸರು ಸಣ್ಣದು ಮಾಡಲಿಕ್ಕೆ ನನಗ ಯಾರು ರೊಕ್ಕ ಕೊಟ್ಟಾರೋ?”

ಆ ಬಾಯಿಂದಲೇ ಮಾತು ವಾಪಸ್ ಬಂದಿತ್ತು. ಎಷ್ಟೋ ದಿನದಿಂದ ಕಾಯುತ್ತಿದ್ದುದು ಬಂದಾಗ, ಬರದೇ ಇದ್ದಿದ್ದರೇ ಚೆನ್ನಾಗಿತ್ತು ಎಂದು ಫಕ್ಕೀರೇಶನಿಗೆ ಖಂಡಿತವಾಗಿ ಅನಿಸಿತು. ಮುಖದ ಮೇಲೆ ಏನೂ ಕಾಣಿಸಲಿಲ್ಲ.

“ಯಾರೂ ಕೊಟ್ಟಿಲ್ರಿ ರಾಯರ,” ಎಂದ. “ಒಂದು ಸಾಲು ನೋಡಿ ಏನೂ ಹೇಳಾಕ ಬರೂದಿಲ್ಲಂತ. ಡಾಕ್ಟರಕ್ಕಾರು ನೋಡ್ತಾರ. ನಾ ಭಾಳ ತಡಾ ಮಾಡಿ ಹೋದೆ. ನೀವು ಲಗೂ ಬಂದೀರಿ. ಕುಂದ್ರಿ.”

ಅವನು ಗುಂಡಿ ಒತ್ತಲಿಲ್ಲ. ಕುರ್ಚಿಯೊಂದನ್ನು ಎಳೆದು ರಾಯರ ಹಿಂದೆ ಇಟ್ಟ. ಅಣ್ಣಾಜಿ ರಾಯರು ಹಾಲೇಶಪ್ಪನ ಹೆಸರಿಗೆ ಬೆನ್ನು ಹಚ್ಚಿ ಕುಳಿತು, ತಮ್ಮ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು.